ತೋರಿಸಲು ಹೋದಾಗ ಇರದ ಕಾಯಿಲೆ

ಪಡುಬಿದ್ರಿ ಪೇಟೆ ದಾಟಿದ್ದೆ. ಹೆಜಮಾಡಿಯ ಟೋಲ್ ಗೇಟ್ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಇಂಜಿನ್ ನಿಂತಿತು. ಕೆಮ್ಮಲಿಲ್ಲ, ಎಳೆದಾಡಲಿಲ್ಲ, ಮುನ್ಸೂಚನೆ ಎಂಬುದು ಒಂದಿಷ್ಟೂ ಇರಲಿಲ್ಲ. ಮಾತಿನ ನಡುವೆ ಎದುರಿಗೆ ಕೂತವರು ಎದ್ದು ಒಳಗೆ ಹೋದ ಹಾಗೆ. ಎಪ್ರಿಲ್ ತಿಂಗಳ ಮಧ್ಯಾಹ್ನ, ರಾಷ್ಟ್ರೀಯ ಹೆದ್ದಾರಿ 66, ಬೆನ್ನ ಹಿಂದೆ ಮೀನಿನ ಲಾರಿ. ಓಡುತ್ತಿದ್ದ ವೇಗದಲ್ಲಿಯೇ ಕಾರು ಇನ್ನಷ್ಟು ದೂರ ಸಾಗುತ್ತಿತ್ತು. ಸ್ಟೀರಿಂಗ್ ಮಾತ್ರ ರುಬ್ಬುಗಲ್ಲಿನಷ್ಟು ಭಾರ. ಬ್ರೇಕಿಗೆ ಬಲ ಕೊಡುವ ನಿರ್ವಾತ ಇಂಜಿನ್ ನಿಂತ ಮೇಲೂ ಒಂದೆರಡು ಸಲ ಒತ್ತುವಷ್ಟು ಉಳಿದಿರುತ್ತದೆ ಎಂದು ಎಲ್ಲೋ ಓದಿದ್ದು ನೆನಪಿಗೆ ಬಂತು. ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಒತ್ತಿ ಹಿಡಿದು, ನಾಲ್ಕೂ ಇಂಡಿಕೇಟರ್ ಹಾಕಿ, ಹೇಗೋ ಮಣ್ಣಿನ ಅಂಚಿಗೆ ತಂದೆ. ಕೀಲಿ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಪರಿಚಯದ ಗ್ಯಾರೇಜಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗ ಬೈಕಿನಲ್ಲಿ ಬಂದು ಮುಟ್ಟುವಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಅವನು ಕೀಲಿ ತಿರುಗಿಸಿದ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

"ಕ್ಲಚ್ ಬಿಡುವಾಗ ಆಫ್ ಆಗಿರಬೇಕು ಮೇಡಂ" ಎಂದ. ಅರುವತ್ತು ಕಿಲೋಮೀಟರ್ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದವಳು ಯಾವ ಕ್ಲಚ್ ಬಿಡುವುದು ಎಂದು ಕೇಳಬೇಕೆನಿಸಿತು. ಬಿಸಿಲಿಗೆ ನಾಲಿಗೆ ಏಳಲಿಲ್ಲ.

ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದವಳು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು 1906ರಿಂದ 1931ರ ಒಳಗೆ ಐದು ಬ್ಯಾಂಕುಗಳನ್ನು ಹೆತ್ತ ಸೀಮೆ ನಮ್ಮದು. ಇಲ್ಲಿ ಮನೆಗೊಬ್ಬರು ಲೆಕ್ಕದವರು ಸಿಗುತ್ತಾರೆ, ಆದ್ದರಿಂದ ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಾನು ಸೇರಿದಾಗ ಶಾಖೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಲೆಡ್ಜರ್ ತಾಳೆಯಾಗದಿದ್ದರೆ ರಾತ್ರಿ ಹತ್ತಾದರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸದ ಮೊತ್ತ 9ರಿಂದ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು, 63 ಇರಬೇಕಾದಲ್ಲಿ 36 ಬಿದ್ದಿರಬಹುದು ಎಂದು ಹಿರಿಯ ಗುಮಾಸ್ತರು ಕಲಿಸಿದ್ದರು. ವ್ಯತ್ಯಾಸದ ಸರಿಯಾಗಿ ಅರ್ಧದಷ್ಟು ಮೊತ್ತದ ಎಂಟ್ರಿ ಎಲ್ಲಾದರೂ ಸಿಕ್ಕರೆ ಅದು ಜಮೆಯ ಬದಲು ಖರ್ಚಿನ ಕಡೆಗೆ ಹೋಗಿ ಕೂತಿದೆಯೋ ಎಂದು ಮೊದಲು ನೋಡಬೇಕು. ತಪ್ಪಿನ ಆಕಾರದಿಂದ ತಪ್ಪಿನ ಜಾಗ ಊಹಿಸುವ ವಿದ್ಯೆ ಅದು. ನನಗೆ ಸಾಕಷ್ಟು ಕರಗತವಾಗಿತ್ತು.

ಆದರೆ ಲೆಡ್ಜರಿನ ತಪ್ಪು ಸಭ್ಯ ತಪ್ಪು. ಬರೆದಲ್ಲೇ ಕೂತಿರುತ್ತದೆ. ನಾಳೆ ಬೆಳಿಗ್ಗೆ ನೋಡಿದರೂ ಅಲ್ಲೇ, ಇನ್ಸ್‌ಪೆಕ್ಟರ್ ಬಂದು ನೋಡಿದರೂ ಅಲ್ಲೇ. ನನ್ನ ಕಾರಿನ ತಪ್ಪಿಗೆ ಅಷ್ಟು ಮರ್ಯಾದೆ ಇರಲಿಲ್ಲ.

ಕಟಪಾಡಿಯ ನಮ್ಮ ಮನೆಯಿಂದ ಮಂಗಳೂರಿನ ಕದ್ರಿಗೆ ವಾರಕ್ಕೆ ಎರಡು ಸಲ ಹೋಗುತ್ತೇನೆ. ಅಲ್ಲಿ ನನ್ನ ಅಕ್ಕ ಇದ್ದಾಳೆ, ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳಿಗೆ ಯಾರಾದರೂ ಬಂದು ಕೂತು ಮಾತಾಡಬೇಕು. ಎರಡನೇ ಸಲ ಕಾರು ನಿಂತದ್ದು ಮೊದಲನೆಯದಾಗಿ ಒಂಬತ್ತು ದಿನಕ್ಕೆ, ಕೂಳೂರು ಸೇತುವೆಯ ಹತ್ತಿರದ ವಾಹನಗಳ ಸಾಲಿನಲ್ಲಿ. ಈ ಸಲ ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಎರಡು ದಿನ ಇಟ್ಟುಕೊಂಡರು, ಓಡಿಸಿ ನೋಡಿದರು, ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿದರು. ಕಾರು ಅವರ ಎದುರು ಒಂದು ಸಲವೂ ನಿಲ್ಲಲಿಲ್ಲ. ಮಗುವಿಗೆ ಮೂರು ದಿನದಿಂದ ಜ್ವರ ಎಂದು ಡಾಕ್ಟರ ಹತ್ತಿರ ಹೋದರೆ ಅಲ್ಲಿ ಅದು ಮೇಜಿನ ಮೇಲಿನ ಸ್ಟೆತಸ್ಕೋಪ್ ಎಳೆದು ಆಡುತ್ತದಲ್ಲ, ಹಾಗೆ. "ಪೆಟ್ರೋಲ್ ಪಂಪ್ ವೀಕ್ ಇರಬಹುದು" ಎಂದು ಪಂಪ್ ಬದಲಿಸಿದರು. ಹನ್ನೊಂದು ದಿನ ನೆಮ್ಮದಿ. ಆಮೇಲೆ ಸುರತ್ಕಲ್‌ನಲ್ಲಿ ನಿಂತಿತು. ಇಗ್ನಿಷನ್ ಕಾಯಿಲ್, ಪ್ಲಗ್ಗುಗಳು ಹೊಸದಾದವು. ಎಂಟು ದಿನ ನೆಮ್ಮದಿ.

ಈ ನೆಮ್ಮದಿಯೇ ಮೋಸ ಎಂದು ನನಗೆ ಹೊಳೆಯಲು ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಹತ್ತು ದಿನಕ್ಕೊಮ್ಮೆ ಬರುವ ತೊಂದರೆಗೆ ಯಾವ ಮದ್ದು ಕೊಟ್ಟರೂ ಹತ್ತು ದಿನ ಗುಣವಾಗುತ್ತದೆ. ಪಂಪಿನ ಬದಲು ಬಾನೆಟ್ಟಿಗೆ ಕುಂಕುಮ ಹಚ್ಚಿದ್ದರೂ ಹನ್ನೊಂದು ದಿನ ಓಡುತ್ತಿತ್ತು. ಸರ್ವಿಸ್ ಸೆಂಟರಿನವರು ನನ್ನನ್ನು ಮೋಸ ಮಾಡಿದರು ಎನ್ನಲಾರೆ. ಅವರೂ ಆ ಹನ್ನೊಂದು ದಿನಗಳನ್ನು ನಂಬಿದ್ದರು.

ಸ್ಕ್ಯಾನರ್ ಯಾಕೆ ಏನೂ ಹೇಳಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯಬೇಕು, ಯಾಕೆಂದರೆ ಈಗ ಗ್ಯಾರೇಜುಗಳಲ್ಲಿ ಗಾಡಿಯ ಯಜಮಾನರ ಮಾತಿಗಿಂತ ಅದರ ಮಾತಿಗೆ ಬೆಲೆ ಹೆಚ್ಚು. ಇಂಜಿನ್ನಿನ ಬುಡದಲ್ಲಿ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕಿನ ಜೊತೆ ತಿರುಗುವ ಒಂದು ಹಲ್ಲಿನ ಚಕ್ರ ಇರುತ್ತದೆ. ಅನೇಕ ಗಾಡಿಗಳಲ್ಲಿ ಅರುವತ್ತು ಹಲ್ಲುಗಳ ಜಾಗದಲ್ಲಿ ಐವತ್ತೆಂಟು ಹಲ್ಲು, ಎರಡರಷ್ಟು ಜಾಗ ಖಾಲಿ. ಎದುರಿಗೆ ಹೆಬ್ಬೆರಳಿನ ಗಾತ್ರದ ಕ್ರ್ಯಾಂಕ್ ಸೆನ್ಸರ್. ಹಲ್ಲುಗಳು ಹಾದುಹೋಗುವುದನ್ನು ಅದು ಎಣಿಸುತ್ತದೆ, ಖಾಲಿ ಜಾಗ ಬಂದಾಗ ಒಂದು ಸುತ್ತು ಮುಗಿಯಿತು ಎಂದು ತಿಳಿಯುತ್ತದೆ. ಯಾವ ಸಿಲಿಂಡರಿಗೆ ಯಾವಾಗ ಪೆಟ್ರೋಲ್, ಯಾವಾಗ ಕಿಡಿ ಎಂಬ ಲೆಕ್ಕವೆಲ್ಲ ಈ ಎಣಿಕೆಯ ಮೇಲೆ ನಿಂತಿದೆ. ಎಣಿಕೆ ನಿಂತರೆ ಕಂಪ್ಯೂಟರ್ ಕಿಡಿಯನ್ನೂ ಪೆಟ್ರೋಲನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಈಗ ತಮಾಷೆ ನೋಡಿ: ಸೆನ್ಸರ್ ಸತ್ತು ಎಣಿಕೆ ನಿಂತರೂ, ಯಜಮಾನರು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರೂ ಎಷ್ಟೋ ಕಂಪ್ಯೂಟರುಗಳ ಕಣ್ಣಿಗೆ ಎರಡೂ ಒಂದೇ. ಇಂಜಿನ್ ತಿರುಗುತ್ತಿಲ್ಲ, ಅಷ್ಟೇ. ಇಂಜಿನ್ನಿನ ಇನ್ನೊಂದು ದಂಡವನ್ನು ಕಾಯುವ ಕ್ಯಾಮ್ ಸೆನ್ಸರಿನ ಸಾಕ್ಷಿಯನ್ನು ಹೋಲಿಸಿ ನೋಡುವಂಥವು ಪಿ0335 ಎಂಬ ಕೋಡನ್ನು ಬರೆದಿಡುತ್ತವೆ. ನನ್ನದು ಬರೆದಿರಲಿಲ್ಲ. ಕೋಡ್ ಇಲ್ಲ ಎಂದರೆ ತೊಂದರೆ ಇಲ್ಲ ಎಂದಲ್ಲ, ದೂರು ದಾಖಲಾಗಿಲ್ಲ ಎಂದು ಮಾತ್ರ. ಠಾಣೆಗೆ ಹೋದವರಿಗೆಲ್ಲ ಈ ವ್ಯತ್ಯಾಸ ಗೊತ್ತು.

ಆದರೆ ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬರೆದಿಡುವುದು ಮಾತ್ರ. ಹಾಲಿನ ಲೆಕ್ಕದ ಹಳೆಯ ಡೈರಿಯ ಹಿಂಬದಿಯಿಂದ ಶುರು ಮಾಡಿದೆ. ದಿನ, ಗಂಟೆ, ಜಾಗ, ಹೊರಟು ಎಷ್ಟು ನಿಮಿಷ, ಬಿಸಿಲೋ ಮಳೆಯೋ, ಎಸಿ ಇತ್ತೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್. ಐದು ಸಲ ನಿಂತ ಮೇಲೆ ಆ ಪುಟ ಮಾತಾಡತೊಡಗಿತು. ಬೆಳಿಗ್ಗೆ ಒಮ್ಮೆಯೂ ನಿಂತಿಲ್ಲ. ಹೊರಟು ಇಪ್ಪತ್ತು ನಿಮಿಷದ ಒಳಗೆ ನಿಂತಿಲ್ಲ. ಹೆದ್ದಾರಿಯಲ್ಲಿ ವೇಗವಾಗಿ ಓಡಿ ಆಮೇಲೆ ನಿಧಾನವಾದ ಕಡೆಗಳಲ್ಲಿಯೇ ಹೆಚ್ಚು. ಇಪ್ಪತ್ತು ನಿಮಿಷ ತಣ್ಣಗೆ ನಿಂತರೆ ತಾನಾಗಿ ಹೊರಡುತ್ತದೆ.

ಐದನೇ ಸಲ ಇನ್ನೊಂದು ವಿಷಯ ಕಂಡೆ. ಭಯ ಕಡಿಮೆಯಾಗಿತ್ತು, ಕಣ್ಣು ಮೀಟರಿನ ಮೇಲಿತ್ತು. ಇಂಜಿನ್ ಸತ್ತ ಕ್ಷಣದಲ್ಲಿ ಕಾರು ಇನ್ನೂ ಗೇರಿನಲ್ಲಿಯೇ ಓಡುತ್ತಿದೆ, ಅಂದರೆ ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇವೆ. ಆದರೆ ಇಂಜಿನ್ ವೇಗ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದಿದೆ. ನಿಧಾನವಾಗಿ ಇಳಿದದ್ದಲ್ಲ, ಕಡಿದು ಬಿದ್ದ ಹಾಗೆ. ತಿರುಗುತ್ತಿರುವ ಇಂಜಿನ್ನನ್ನು ತಿರುಗುತ್ತಿಲ್ಲ ಎಂದು ಹೇಳುವ ಮುಳ್ಳು. ಅದರ ಅರ್ಥ ತಿಳಿಯದಿದ್ದರೂ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. 9ರಿಂದ ಭಾಗವಾಗುವ ವ್ಯತ್ಯಾಸ ಸಿಕ್ಕಾಗ ಆಗುತ್ತಿದ್ದ ಸಣ್ಣ ಖುಷಿ ಆಯಿತು.

ಉಡುಪಿಯ ಆಚೆ, ಸಂತೆಕಟ್ಟೆಯ ಹತ್ತಿರ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಆಚಾರ್ರೇ ಎಂದು ಕರೆಯುತ್ತಾರೆ, ನಾನೂ ಹಾಗೆಯೇ ಕರೆದೆ. ತಗಡಿನ ಮಾಡು, ಗೋಡೆಗೆ ಒರಗಿಸಿದ ಸತ್ತ ಬ್ಯಾಟರಿಗಳು, ಬೆಂಚಿನ ಮೇಲೆ ಎರಡು ವೈರು ಕಟ್ಟಿದ ಹನ್ನೆರಡು ವೋಲ್ಟಿನ ಬಲ್ಬು, ಒಂದು ಮಲ್ಟಿಮೀಟರ್, ಕ್ಷೌರದಂಗಡಿಯ ಕನ್ನಡಿಯಂಥ ಒಂದು ಕೈಕನ್ನಡಿ. ನಾನು ಕಥೆ ಶುರು ಮಾಡಿದ ಕೂಡಲೇ ಕೈ ಎತ್ತಿ ತಡೆದರು.

"ಅದೆಲ್ಲ ಇರಲಿ ಅಕ್ಕ. ನಿಂತಾಗ ಮೀಟರಿನ ದೀಪಗಳು ಉರಿಯುತ್ತಿದ್ದವಾ?"

ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ. ಉರಿಯುತ್ತಿದ್ದವು ಎಂದೆ, ಡೈರಿ ಮುಂದಿಟ್ಟೆ. ಕನ್ನಡಕ ಹಾಕಿ, ಬೆರಳಿಟ್ಟು, ಐದೂ ಸಾಲುಗಳನ್ನು ಓದಿದರು. ಕೆಂಪು ಶಾಯಿಯ ಹತ್ತಿರ ಬೆರಳು ನಿಂತಿತು. "ಇದನ್ನು ಬರೆದವರು ಯಾರು?" ನಾನೇ ಎಂದೆ. ಗಂಡನೋ ಮಗನೋ ಇರಬೇಕು ಎಂದುಕೊಂಡಿದ್ದರೋ ಏನೋ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಆಮೇಲೆ ನನ್ನ ಜೊತೆ ಮಾತಾಡಿದ ಧಾಟಿಯೇ ಬೇರೆ.

ಅವರು ಹೇಳಿದ್ದರ ಸಾರ ಹೀಗೆ. ಇಂಜಿನ್ ನಿಲ್ಲುವಾಗ ಮೀಟರಿನ ದೀಪ, ಹಾರ್ನ್, ಎಲ್ಲ ಒಟ್ಟಿಗೆ ಸತ್ತರೆ ಮೇಲಿನ ಹಂತದಲ್ಲಿ ಕರೆಂಟು ಕಡಿದಿದೆ: ಬ್ಯಾಟರಿ ಟರ್ಮಿನಲ್, ದೊಡ್ಡ ಫ್ಯೂಸ್, ಕೀಲಿಯ ಸ್ವಿಚ್, ಇಲ್ಲವೇ ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ. ದೀಪ ಇದ್ದು ಮುಳ್ಳು ಸಹಜವಾಗಿ ಇಳಿಯುತ್ತಾ ಬಂದರೆ ಎಣಿಕೆ ನಡೆದೇ ಇದೆ, ಪೆಟ್ರೋಲಿನದೋ ಕಿಡಿಯದೋ ತೊಂದರೆ. ಪಂಪಿಗೆ ಕರೆಂಟು ಕೊಡುವ ರಿಲೇಯ ಒಳಗೆ ಬೆಸುಗೆ ಬಿರುಕು ಬಿಟ್ಟರೆ ಬಿಸಿಲಿಗೆ ನಿಲ್ಲಿಸಿದ ಗಾಡಿ ಹಿಡಿಯದೆ ಸಂಜೆಗೆ ಹಿಡಿಯುವುದೂ ಉಂಟು. ದೀಪ ಇದ್ದು ಮುಳ್ಳು ಕಡಿದು ಬಿದ್ದರೆ ಕ್ರ್ಯಾಂಕ್ ಸೆನ್ಸರಿನ ಕಡೆಗೆ, ಅದಕ್ಕೆ ವೈರು ಕೂಡಿಸುವ ಕಪ್ಲರಿನ ಕಡೆಗೆ ಮೊದಲು ಹೋಗಬೇಕು. ಸ್ಕ್ಯಾನರ್ ಇದ್ದವರು ಹಿಡಿಯದ ಇಂಜಿನ್ನಿಗೆ ಸೆಲ್ಫ್ ಹೊಡೆಯುವಾಗ ವೇಗ ಎಷ್ಟು ತೋರಿಸುತ್ತದೆ ಎಂದು ನೋಡಿದರೂ ಸಾಕು. ಇಂಜಿನ್ ತಿರುಗುತ್ತಾ ಇದ್ದು ಅಲ್ಲಿ ಸೊನ್ನೆ ಕಂಡರೆ ಅರ್ಧ ಕೆಲಸ ಆಯಿತು.

"ಪಂಪ್ ಯಾಕೆ ಬದಲಿಸಿದರು?" ಎಂದು ಕೇಳಿದೆ.

"ಪಂಪ್ ಬಿಲ್ಲಿನಲ್ಲಿ ಬರೆಯಲಿಕ್ಕೆ ಆಗುತ್ತದೆ ಅಕ್ಕ" ಎಂದರು. ಇದರ ಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಾಮಾನು ಬದಲಿಸಿದ್ದಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಇದೆ. ಅರ್ಧ ದಿನ ಬಾನೆಟ್ಟಿನ ಎದುರು ಕೂತು ಏನೂ ಬದಲಿಸದೆ ಕಾದದ್ದಕ್ಕೆ ಯಾವ ಸಾಲೂ ಇಲ್ಲ.

ನನ್ನ ಕೀಲಿಗೊಂಚಲನ್ನು ಕೈಯಲ್ಲಿ ತೂಗಿ ನೋಡಿ, "ಇದರಲ್ಲಿ ಗಾಡಿಯದ್ದು ಯಾವುದು?" ಎಂದರು. ಮನೆಯ ಮುಂಬಾಗಿಲು, ಹಿಂಬಾಗಿಲು, ಕಪಾಟು, ಅಕ್ಕನ ಮನೆಯದ್ದು, ಧರ್ಮಸ್ಥಳದ ಹಿತ್ತಾಳೆಯ ಪದಕ. ಕಾರಿನ ಕೀಲಿ ಬಿಟ್ಟು ಉಳಿದದ್ದನ್ನೆಲ್ಲ ತೆಗೆಯಲು ಹೇಳಿದರು. ವರ್ಷಗಟ್ಟಲೆ ಭಾರ ಜೋತುಬಿದ್ದರೆ ಕೀಲಿಯ ಸ್ವಿಚ್ಚು ಸವೆಯುತ್ತದೆ. ಅತಿ ಜಾಗ್ರತೆ ಎನಿಸಿತ್ತು. ಆ ರಾತ್ರಿ ಓದುತ್ತಾ ಕೂತಾಗ ಎದುರಾದದ್ದು ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ಚಿನ ಪ್ರಕರಣ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳಲ್ಲಿ ಸ್ವಿಚ್ಚಿನ ಹಿಡಿತ ಎಷ್ಟು ಸಡಿಲವಾಗಿತ್ತೆಂದರೆ ಭಾರದ ಗೊಂಚಲು ಕುಲುಕಿದರೆ ಅಥವಾ ಮೊಣಕಾಲು ತಾಗಿದರೆ ಓಡುವ ಕಾರಿನಲ್ಲೇ ಕೀಲಿ ಹಿಂದಕ್ಕೆ ತಿರುಗಿ ಇಂಜಿನ್ ನಿಲ್ಲುತ್ತಿತ್ತು, ಜೊತೆಗೆ ಏರ್‌ಬ್ಯಾಗಿನ ಕರೆಂಟೂ ಹೋಗುತ್ತಿತ್ತು. ಓಡುತ್ತಾ ಓಡುತ್ತಾ ಕಾರು ನಿಲ್ಲುತ್ತದೆ ಎಂಬ ದೂರುಗಳನ್ನು ಕಂಪನಿಯೊಳಗೆ ಗ್ರಾಹಕರ ಅನುಕೂಲದ ವಿಷಯ ಎಂದು ವರ್ಗೀಕರಿಸಿದ್ದರು, ಸುರಕ್ಷತೆಯ ವಿಷಯ ಎಂದಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿದರು. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಅದರ ಇನ್ನೊಂದು ವಿವರ. ಆ ಸ್ವಿಚ್ಚಿನ ಒಳಗಿನ ಭಾಗವನ್ನು 2006ರಲ್ಲಿಯೇ ಬದಲಿಸಿ ಬಿಗಿ ಮಾಡಿದ್ದರು, ಆದರೆ ಭಾಗದ ನಂಬರನ್ನು ಬದಲಿಸಿರಲಿಲ್ಲ. ಹೊಸದೂ ಹಳೆಯದೂ ಕಾಗದದಲ್ಲಿ ಒಂದೇ. ಆದ್ದರಿಂದ ಹಳೆಯ ಕಾರು ಯಾಕೆ ನಿಲ್ಲುತ್ತದೆ, ಹೊಸದು ಯಾಕೆ ನಿಲ್ಲುವುದಿಲ್ಲ ಎಂಬುದು ಹುಡುಕುವವರಿಗೆ ಒಗಟಾಗಿಯೇ ಉಳಿಯಿತು. ಮಗಳನ್ನು ಕಳೆದುಕೊಂಡ ಕುಟುಂಬವೊಂದರ ವಕೀಲರು ನೇಮಿಸಿದ ಇಂಜಿನಿಯರ್ ಒಬ್ಬರು ಅದೇ ನಂಬರಿನ ಹೊಸ ಸ್ವಿಚ್ ಕೊಂಡು, ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ವ್ಯತ್ಯಾಸ ಹೊರಬಿತ್ತು. ಲೆಡ್ಜರಿನಲ್ಲಿ ಅಂಕಿ ತಿದ್ದಿ ಪಕ್ಕದಲ್ಲಿ ಇನಿಷಿಯಲ್ ಹಾಕದ ಗುಮಾಸ್ತನನ್ನು ನಮ್ಮ ಕಾಲದಲ್ಲಿ ಮ್ಯಾನೇಜರು ಎಲ್ಲರ ಎದುರು ನಿಲ್ಲಿಸಿ ಕೇಳುತ್ತಿದ್ದರು. ತಪ್ಪು ಮಾಡಿದ್ದಕ್ಕಲ್ಲ, ತಪ್ಪನ್ನು ಸದ್ದಿಲ್ಲದೆ ಸರಿ ಮಾಡಿದ್ದಕ್ಕೆ. ಆಗ ಅದು ಕ್ರೌರ್ಯ ಎನಿಸುತ್ತಿತ್ತು.

ಪದಕವನ್ನು ಬೇರೆ ಗೊಂಚಲಿಗೆ ಹಾಕಿದೆ.

ಮರುದಿನ ಮತ್ತೆ ಸಂತೆಕಟ್ಟೆಗೆ. ಆಚಾರ್ರು ಸೆನ್ಸರನ್ನು ಬಿಚ್ಚಿ ಬೆಂಚಿನ ಮೇಲಿಟ್ಟರು. ಇದು ಅಯಸ್ಕಾಂತಕ್ಕೆ ಕೂದಲಿನಂಥ ತಂತಿ ಸುತ್ತಿದ ಬಗೆಯದ್ದು. ಎರಡು ಕಾಲುಗಳಿಗೆ ಮೀಟರ್ ಹಿಡಿದರೆ ಎಂಟುನೂರ ಚಿಲ್ಲರೆ ಓಮ್ ತೋರಿಸಿತು. ಇರಬೇಕಾದಷ್ಟೇ. "ನೋಡಿ, ತಣ್ಣಗಿದ್ದಾಗ ಒಳ್ಳೆಯವನು. ಬಿಸಿಯಾದರೆ ಹೇಗೆ ಎಂದು ನೋಡಬೇಕಲ್ಲ. ಭೂತಕೋಲದಲ್ಲಾದರೆ ತೆಂಬರೆ ವಾದ್ಯ ಬಡಿದ ಕೂಡಲೇ ಮೈಮೇಲೆ ದರ್ಶನ ಬರುತ್ತದೆ. ಇದಕ್ಕೆ ಯಾವ ತೆಂಬರೆ ಬಡಿಯುವುದು?"

ಅವರ ಹತ್ತಿರ ಇದ್ದ ಬಿಸಿಗಾಳಿಯ ಯಂತ್ರ ಕೆಟ್ಟಿತ್ತು. ಬೆಂಕಿ ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ. ನಮ್ಮ ಮಗಳು ಬೆಂಗಳೂರಿಗೆ ಹೋಗುವಾಗ ಬಿಟ್ಟು ಹೋದ ಹೇರ್ ಡ್ರೈಯರ್ ಇದೆ ಎಂದೆ. ಅವರು ನಗಲಿಲ್ಲ. "ತನ್ನಿ" ಎಂದರು.

ಬಸ್ಸಿನಲ್ಲಿ ಕಟಪಾಡಿಗೆ ಹೋಗಿ ಡ್ರೈಯರ್ ಹಿಡಿದು ವಾಪಸ್ ಬಂದೆ. ಮೀಟರಿನ ತಂತಿಗಳನ್ನು ಸೆನ್ಸರಿಗೆ ಕಚ್ಚಿಸಿ, ಡ್ರೈಯರನ್ನು ಹತ್ತಿರ ಹಿಡಿದು ಕೂತೆವು. 850. 900. ಬಿಸಿಗೆ ತಂತಿಯ ತಡೆ ಇಷ್ಟು ಏರುವುದು ಸಹಜ ಎಂದರು. 970. ಪಕ್ಕದ ಹೋಟೆಲಿನಿಂದ ಚಹಾ ಬಂತು. ಸಾವಿರ ದಾಟಿತು. ಎಂಟು ನಿಮಿಷವಾಗಿರಬಹುದು, ಮೀಟರಿನ ಅಂಕಿ ಒಮ್ಮೆ ಮಿಟುಕಿ, ಮರಳಿ ಬಂದು, ಆಮೇಲೆ ಪೂರ್ತಿ ಹೋಗಿ ಎಡಗಡೆ ಬರೀ 1 ಉಳಿಯಿತು. ತಂತಿ ಕಡಿದಿದೆ ಎಂದು ಆ ಮೀಟರ್ ಹೇಳುವ ರೀತಿ ಅದು. ಡ್ರೈಯರ್ ಆರಿಸಿದೆವು. ಇಪ್ಪತ್ತು ನಿಮಿಷ ಬಿಟ್ಟು, ಚಹಾದ ಲೋಟ ಒಯ್ಯಲು ಹುಡುಗ ಬರುವ ಹೊತ್ತಿಗೆ, ಎಂಟುನೂರ ಚಿಲ್ಲರೆ ಮತ್ತೆ ಬಂದು ಕೂತಿತು. ಒಳಗೆ ಎಲ್ಲೋ ಕಡಿದ ತಂತಿಯ ತುದಿಗಳು ತಣ್ಣಗಿದ್ದಾಗ ತಾಗಿಕೊಂಡಿರುತ್ತಿದ್ದವು, ಬಿಸಿಗೆ ಸುತ್ತಲಿನದ್ದು ಹಿಗ್ಗಿದಾಗ ಬಿಡುತ್ತಿದ್ದವು.

ಎರಡು ತಿಂಗಳಿನಿಂದ ನನ್ನೊಬ್ಬಳಿಗೆ ಮಾತ್ರ ಕಾಣಿಸಿಕೊಂಡು, ಉಳಿದವರೆಲ್ಲರ ಎದುರು ನನ್ನನ್ನು ಸುಳ್ಳಿಯನ್ನಾಗಿ ಮಾಡಿದ್ದು ಮೇಜಿನ ಮೇಲೆ ಇಬ್ಬರ ಎದುರು ಬಂದು ಹೋಯಿತು. ಇನ್ನೊಮ್ಮೆ ಮಾಡಿ ಎಂದೆ. ಮಾಡಿದರು.

ಹೊಸ ಸೆನ್ಸರ್ ಬಂತು. ಇನ್ನು ಎಷ್ಟು ದಿನ ಓಡಿದರೆ ಗುಣವಾಯಿತು ಎಂದು ನಂಬುವುದು? ಅಕ್ಕನ ಮಗ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಅವನನ್ನು ಕೇಳಿದೆ. "ಸರಾಸರಿ ಹತ್ತು ದಿನಕ್ಕೊಮ್ಮೆ ನಿಲ್ಲುವುದಾದರೆ ಮೂವತ್ತು ದಿನ ಕಾಯಿರಿ ಚಿಕ್ಕಮ್ಮ. ತೊಂದರೆ ಇನ್ನೂ ಒಳಗೇ ಇದ್ದು ಅದೃಷ್ಟದಿಂದ ಮೂವತ್ತು ದಿನ ನಿಲ್ಲದೆ ಓಡುವ ಸಾಧ್ಯತೆ ನೂರಕ್ಕೆ ಐದು." ಹಾಗಾದರೆ ಹತ್ತು ದಿನ ಓಡಿದ್ದಕ್ಕೆ? "ನೂರಕ್ಕೆ ಮೂವತ್ತೇಳು." ಪಂಪ್ ಬದಲಿಸಿದ ಹನ್ನೊಂದು ದಿನಗಳ ನನ್ನ ನೆಮ್ಮದಿಯ ಬೆಲೆ ಅಷ್ಟೇ ಆಗಿತ್ತು. ಸರಾಸರಿಯ ಮೂರು ಪಟ್ಟು ಎಂಬ ಲೆಕ್ಕ ನೆನಪಿಡಲು ಸುಲಭ. ಹಳೆಯ ಶಾಖೆಯಲ್ಲಿ ಇದು ಗೊತ್ತಿದ್ದರೆ ಒಂದೆರಡು ಸಾಲಗಾರರ ವಿಷಯದಲ್ಲೂ ಉಪಯೋಗವಾಗುತ್ತಿತ್ತು.

ಮೂವತ್ತೊಂದು ದಿನ ಕಳೆಯಿತು. ಮೂವತ್ತೆಂಟನೇ ದಿನ, ಜುಲೈ ತಿಂಗಳ ಜಡಿಮಳೆಯಲ್ಲಿ, ಕಾಪುವಿನ ಹತ್ತಿರ ಒಂದು ಹೊಂಡಕ್ಕೆ ಇಳಿದು ಏರುವಾಗ ಇಂಜಿನ್ ಸತ್ತಿತು.

ಡೈರಿಯನ್ನು ಹರಿದು ಎಸೆಯಬೇಕೆನಿಸಿದ್ದು ನಿಜ. ಎಸೆಯದೆ ಬರೆದೆ, ಬರೆಯುವಾಗಲೇ ಇದು ಆ ಹಳೆಯದಲ್ಲ ಎಂದು ತಿಳಿಯಿತು. ಹೊರಟು ಹದಿನೈದು ನಿಮಿಷ ಆಗಿತ್ತಷ್ಟೇ. ಬಿಸಿಲಿಲ್ಲ. ಮೀಟರಿನ ದೀಪಗಳೆಲ್ಲ ಒಮ್ಮೆಗೆ ಮಿಟುಕಿದ್ದವು. ಕಾಯಬೇಕಾಗಲೂ ಇಲ್ಲ, ಕೀಲಿ ತಿರುಗಿಸಿದ ಕೂಡಲೇ ಹೊರಟಿತು. ಎರಡು ವಾರದಿಂದ ಬೆಳಿಗ್ಗೆ ಸೆಲ್ಫ್ ಸ್ವಲ್ಪ ಸೋತ ಹಾಗೆ ತಿರುಗುತ್ತಿತ್ತು, ಮಳೆಗಾಲ ಎಂದು ಸುಮ್ಮನಿದ್ದೆ. ಒಂದು ಗಾಡಿಯಲ್ಲಿ ಎರಡು ಕಾಯಿಲೆ ಇರಬಾರದು ಎಂದು ಎಲ್ಲಿಯೂ ಬರೆದಿಲ್ಲ. ಡೈರಿ ಇರದಿದ್ದರೆ ಹೊಸ ಸೆನ್ಸರನ್ನೇ ಬೈದು ಇನ್ನೊಂದು ಹಾಕಿಸುತ್ತಿದ್ದೆ.

"ಅರ್ತ್" ಎಂದರು ಆಚಾರ್ರು, ಸಾಲು ಓದಿ ಮುಗಿಸುವ ಮೊದಲೇ.

ಅರ್ತ್ ನೋಡಿದ್ದಾರಲ್ಲ, ಸರ್ವಿಸ್ ಸೆಂಟರಿನ ಕಾಗದದಲ್ಲಿ ಸರಿ ಇದೆ ಎಂದು ಬರೆದಿದೆ ಎಂದೆ. ಆಗ ಅವರು ಹೇಳಿದ್ದು ನನಗೆ ಈ ಇಡೀ ಪ್ರಕರಣದಲ್ಲಿಯೇ ಹೆಚ್ಚು ಇಷ್ಟವಾದ ಮಾತು. ಮೀಟರನ್ನು ಎರಡು ತುದಿಗೆ ಹಿಡಿದು ಕುಂಯ್ ಎಂದು ಸದ್ದು ಬಂದರೆ ದಾರಿ ಇದೆ ಎಂದು ಅರ್ಥ, ದಾರಿ ಎಷ್ಟು ಅಗಲ ಎಂದಲ್ಲ. ನೂರು ಎಳೆಗಳ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಸಾಕು, ಅದು ಕಳಿಸುವ ಕರೆಂಟು ಅಷ್ಟು ಸಣ್ಣದು. ಸೆಲ್ಫ್ ಎಳೆಯುವುದು ನೂರು ಆಂಪಿಯರಿಗಿಂತ ಹೆಚ್ಚು. ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ನೂರು ಆಂಪಿಯರಿಗೆ ಒಂದು ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ, ಅಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರ್ ಓಮಿನಲ್ಲಿ ಅಳೆಯಲಾರದು. ಅದರ ಸ್ವಂತ ತಂತಿಗಳ ತಡೆಯೇ ಅದಕ್ಕಿಂತ ಹೆಚ್ಚು. ಆದ್ದರಿಂದ ಓಮ್ ನೋಡಬಾರದು. ಭಾರ ಹೊರಿಸಿ ವೋಲ್ಟ್ ನೋಡಬೇಕು.

ಮೀಟರಿನ ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು, ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಅವರ ಲೆಕ್ಕದಲ್ಲಿ 0.2 ವೋಲ್ಟಿನ ಆಸುಪಾಸಿನೊಳಗೆ ಇರಬೇಕು. 0.9 ಬಂತು. ಮಳೆಯಲ್ಲಿ ಹೆಡ್‌ಲೈಟ್, ವೈಪರ್, ಒಳಗಿನ ಫ್ಯಾನು ಎಲ್ಲ ಒಟ್ಟಿಗೆ ಉರಿಯುವಾಗ ಅವುಗಳ ಕರೆಂಟೆಲ್ಲ ಇಂಜಿನ್ನಿಗೆ ಬಿಗಿದಿರುವ ಆಲ್ಟರ್ನೇಟರಿಗೆ ಮರಳಬೇಕಾದದ್ದು ಈ ಅರ್ತ್ ಕೇಬಲಿನ ಮೂಲಕವೇ. ಹೊಂಡಕ್ಕೆ ಇಳಿದಾಗ ಇಂಜಿನ್ ಕುಲುಕುತ್ತದೆ, ಉಳಿದ ಎಳೆಗಳೂ ಒಂದು ಕ್ಷಣ ಬಿಡುತ್ತವೆ. ಕಂಪ್ಯೂಟರಿಗೆ ಆ ಒಂದು ಕ್ಷಣ ಸಾಕು.

ಕೇಬಲನ್ನು ಬಿಚ್ಚಿ, ಮೇಲಿನ ಕಪ್ಪು ಕವಚವನ್ನು ಬ್ಲೇಡಿನಿಂದ ಸೀಳಿದರು. ಹೊರಗಿನಿಂದ ಹೊಸದರಂತೆ ಇದ್ದದ್ದರ ಒಳಗೆ ಹಸಿರು ಪುಡಿ. ಕಿಲುಬು. ನಮ್ಮ ಅಜ್ಜಿಯ ಮನೆಯ ಬಚ್ಚಲ ತಾಮ್ರದ ಹಂಡೆಯ ಅಂಚಿನಲ್ಲಿ ನೋಡಿದ್ದ ಅದೇ ಹಸಿರು, ಪ್ರತಿ ಹಬ್ಬದ ಮುಂಚೆ ಹುಣಸೆಹುಳಿ ಹಾಕಿ ತಿಕ್ಕಿಸುತ್ತಿದ್ದದ್ದು. ನಮ್ಮ ಮನೆಯಿಂದ ಕಡಲು ಮೂರ್ನಾಲ್ಕು ಕಿಲೋಮೀಟರ್. ಉಪ್ಪಿನ ಗಾಳಿ, ನಾಲ್ಕು ತಿಂಗಳ ಮಳೆ. ಬ್ಯಾಟರಿಯ ತುದಿಯಿಂದ ಒಳಹೊಕ್ಕ ತೇವ ಎಳೆಯಿಂದ ಎಳೆಗೆ ಒಂದು ಗೇಣು ಏರಿತ್ತು. ಘಟ್ಟದ ಮೇಲೆ ಹದಿನೈದು ವರ್ಷ ಬಾಳುವ ಕೇಬಲ್ ಇಲ್ಲಿ ಹತ್ತಕ್ಕೇ ಮುಗಿಯುತ್ತದೆ ಎಂದು ಆಚಾರ್ರು ಅಂದರು. ಘಟ್ಟದವರ ಮೇಲೆ ಅವರಿಗೆ ಏನೋ ಅಸಮಾಧಾನ ಇದ್ದಂತಿತ್ತು.

ಅದೇ ಹೊತ್ತಿಗೆ ಇಂಜಿನ್ನಿನ ವೈರುಗಳಲ್ಲಿ ಮೂರು ಕಡೆ ಸೂಜಿ ಚುಚ್ಚಿದ ಗುರುತು ಕಂಡು ಅವರಿಗೆ ನಿಜವಾಗಿ ಸಿಟ್ಟು ಬಂತು. ಕರೆಂಟು ಇದೆಯೋ ಎಂದು ನೋಡಲು ಯಾರೋ ವೈರಿನ ಮೈಗೇ ಚುಚ್ಚಿದ್ದರು. "ಇವತ್ತು ಇವರು ಪರೀಕ್ಷೆ ಮಾಡಿದ ತೂತು, ಬರುವ ಮಳೆಗಾಲದ ಕಂಪ್ಲೇಂಟು. ಕಪ್ಲರಿನ ಹಿಂದಿನಿಂದ ಮೊನೆ ಇಳಿಸಿದರೆ ಸಾಕಲ್ಲ ಮಾರಾಯರೇ!" ಎಂದು, ಅಲ್ಲಿಲ್ಲದವರನ್ನು ಉದ್ದೇಶಿಸಿ ಬೈದರು. ಕಪ್ಲರನ್ನು ಸುಮ್ಮನೆ ಕಿತ್ತು ಹಾಕಿದರೂ ಎಷ್ಟೋ ತೊಂದರೆಗಳು ಕೆಲವು ದಿನ ಮಾಯವಾಗುತ್ತವೆಯಂತೆ, ಒಳಗಿನ ಪಿನ್ನುಗಳು ಉಜ್ಜಿ ಹೊಳಪಾಗುವುದರಿಂದ. ಆಗ ಕಿತ್ತು ಹಾಕಿದವನು ತಾನು ಬೇರೇನೋ ಮಾಡಿ ಸರಿ ಮಾಡಿದೆ ಎಂದು ತಿಳಿಯುತ್ತಾನೆ. ಚುಚ್ಚಿದ ಜಾಗಗಳಿಗೆ ಅಂಟಿನ ಕೊಳವೆ ಸುತ್ತಿ ಬಿಸಿ ಮಾಡಿ ಮುಚ್ಚಿದರು. ಹೊಸ ಕೇಬಲ್ ಹಾಕಿ ಅದೇ ಪರೀಕ್ಷೆ ಮಾಡಿದಾಗ 0.08.

ಸರ್ವಿಸ್ ಸೆಂಟರಿನ ಬಿಲ್ಲು ಮೂರು ಪುಟ, ಅಚ್ಚಾದದ್ದು. ಆಚಾರ್ರದ್ದು ಕ್ಯಾಲೆಂಡರಿನ ಹಾಳೆಯ ಹಿಂಬದಿ: ಸೆನ್ಸರ್, ಅರ್ತ್ ಕೇಬಲ್, ಕೂಲಿ 400. ಎರಡನೇ ದಿನ ಪೂರ್ತಿ ಕೂತದ್ದಕ್ಕೆ ಎಷ್ಟು ಎಂದು ಕೇಳಿದರೆ, "ಕೂತದ್ದಕ್ಕೆ ಎಂತ ದುಡ್ಡು?" ಎಂದರು. ಒತ್ತಾಯ ಮಾಡಿ ಇನ್ನೂ ಸ್ವಲ್ಪ ಕೊಟ್ಟೆ. ಮೂವತ್ತು ದಿನ ಕಳೆದ ಮೇಲೆ ಫೋನ್ ಮಾಡಿ ತಿಳಿಸುತ್ತೇನೆ ಎಂದೂ ಹೇಳಿದೆ, ಅವರಿಗೂ ಗೊತ್ತಾಗಬೇಕಲ್ಲ.

ಈ ಸಲ ನಲ್ವತ್ತೈದು ದಿನ ಕಾದೆ. ಪ್ರತಿ ದಿನದ ಎದುರು "ಇಲ್ಲ" ಎಂದು ಬರೆದು, ಕೊನೆಯ "ಇಲ್ಲ" ಬರೆದ ಸಂಜೆ ಫೋನ್ ಮಾಡಿದೆ. ಕಟಪಾಡಿಯಿಂದ ಮಾತಾಡುತ್ತಿದ್ದೇನೆ, ಗಾಡಿ ಒಮ್ಮೆಯೂ ನಿಲ್ಲಲಿಲ್ಲ ಎಂದೆ.

"ಯಾವ ಗಾಡಿ ಅಕ್ಕ?"

ಸಿಲ್ವರ್ ಬಣ್ಣದ್ದು, ಮೇ ತಿಂಗಳಿನಲ್ಲಿ ತಂದದ್ದು, ಕೆಂಪು ಶಾಯಿಯ ಡೈರಿ, ಕ್ರ್ಯಾಂಕ್ ಸೆನ್ಸರ್. ಅತ್ತ ಕಡೆ ಮೌನ. ಹಿನ್ನೆಲೆಯಲ್ಲಿ ಯಾರದೋ ಸೆಲ್ಫ್ ಹೊಡೆಯುವ ಸದ್ದು ಕೇಳುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ.

ಹೇರ್ ಡ್ರೈಯರ್ ಎಂದೆ.

"ಓ, ನೀವಾ! ಅದು ಇಲ್ಲೇ ಉಂಟು ಅಕ್ಕ, ನೀವು ಬಿಟ್ಟು ಹೋದದ್ದು. ಈಗಲೂ ಅದನ್ನೇ ಹಿಡಿದು ಕೂತಿದ್ದೇನೆ. ಎರಡು ದಿನ ಬಿಟ್ಟು ಬಂದು ತೆಗೆದುಕೊಂಡು ಹೋಗುತ್ತೀರಾ? ಇದು ಇನ್ನೂ ಸಿಕ್ಕಲಿಲ್ಲ."